ಠಾಣೆಗೆ ಹೋದ ಕೋವಿ, ಅಳತೆಗೆ ಹೋದ ಅಳಿಯ

ಶಿಕಾರಿಪುರ
೧೩ ಏಪ್ರಿಲ್ ೨೦೨೪, ಶನಿವಾರ

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ನಿಂತಿರುವ ಮಾನ್ಯರೇ, ಮತ್ತು ಸೊರಬದ ಅಡಿಗೆಮನೆಯಲ್ಲಿ ಈ ಕಾಗದವನ್ನು ಓದಲೋ ಒಲೆಗೆ ಹಾಕಲೋ ಎಂದು ಯೋಚಿಸುತ್ತಿರುವ ನನ್ನ ಪ್ರೀತಿಯ ಅಶ್ವಿನೀ,

ಆರೋಗ್ಯವೇ? ಆಹಾರವೇ? ಮಾವನವರ ಮಂಡಿನೋವು ಈಗಲೂ ಅದೇ ವ್ಯವಹಾರವೇ? ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಅಂಚೆಯವರ ಕಾಲು ಹಿಡಿದಿದ್ದೇನೆ. ತೀರಿಹೋದ ಅತ್ತೆಯವರ ಶಿವಗಣಾರಾಧನೆ ಮುಗಿದ ಮೇಲೆ ಎಲ್ಲರೂ ಅವರವರ ಊರಿಗೆ ಹೊರಟರು, ನೀನು ಉಳಿದೆ. ಅಪ್ಪನ ಜೊತೆಗಿರಲಿ ಅಂತ ನಾನೇ ಬಿಟ್ಟುಬಂದೆ ಎಂದು ಇಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನೀನು ನನ್ನ ಕೈಗೆ ಚೀಲ ಕೊಡುತ್ತ ಅಂದದ್ದು ಬೇರೆ. "ಇಲ್ಲಿದ್ರೆ ಅಮ್ಮನ್ನ ನೆನೆಸಿಕೊಂಡು ಅಳಬಹುದು. ನಿಮ್ಮ ಮುಂದೆ ಅಳೋಕೂ ಆಗಲ್ಲ ರೀ, ಅದಕ್ಕೂ ಒಂದು ಪ್ರಾಸ ಕಟ್ತೀರಿ." ವಾಪಸು ಬರುವ ಮಾತನ್ನು ನೀನೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಈಗ ಇಲ್ಲಿಯ ಸಮಾಚಾರ. ಚುನಾವಣೆಯ ನೀತಿಸಂಹಿತೆ ಬಂತು, ನಮ್ಮ ಫ್ಲೆಕ್ಸ್ ಮಿಷಿನ್ನು ನಿಂತಿತು. ಅಂಗಡಿಯಲ್ಲಿ ನೊಣಕ್ಕೂ ಬೇಜಾರು. ಆಗಲೇ ಕಾಲೇಜಿನ ಹುಡುಗರು ಬಂದು ನಾಟಕಕ್ಕೊಂದು ಬಂದೂಕು ಬರೆದುಕೊಡಿ ಸಾರ್ ಅಂದರು. ಅಂತಿಂಥ ಬಂದೂಕಲ್ಲ. ಕರೆಂಟು, ಪೆಟ್ರೋಲು ಯಾವುದೂ ಇಲ್ಲದೆ ಲೋಕವೆಲ್ಲ ಹಬೆಯಲ್ಲೇ ನಡೆದಿದ್ದರೆ ಹೇಗಿರುತ್ತಿತ್ತು ಅನ್ನೋ ಕಲ್ಪನೆ. ಅದಕ್ಕೆ ಸ್ಟೀಮ್‌ಪಂಕ್ ಅಂತಾರಂತೆ. ಹಳೆಯ ಫ್ಲೆಕ್ಸಿನ ಬೆನ್ನ ಮೇಲೆ ನಿಜದಷ್ಟೇ ಉದ್ದಕ್ಕೆ ನಕ್ಷೆ ಎಳೆಯಲು ಕೂತೆ. ನಳಿಗೆಗೆ ಗದ್ದೆಗೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ಕೊಳವೆ. ಪಕ್ಕಕ್ಕೆ ಕೆಟ್ಟ ಗಡಿಯಾರದ ಹಲ್ಲುಚಕ್ರ. ಹಬೆಯ ಗಿಂಡಿಯ ಮೇಲೆ ನಮ್ಮ ಕುಕ್ಕರಿನ ಸೀಟಿ. ಅದನ್ನು ಬಿಚ್ಚಿ ಅಂಗಡಿಗೆ ತಂದಿದ್ದೇನೆ, ಬೈಯಬೇಡ. ಒಬ್ಬನ ಅನ್ನಕ್ಕೆ ಕುಕ್ಕರು ಕೂಗುವಷ್ಟು ಹೊತ್ತು ಹಿಡಿಯುವುದಿಲ್ಲ, ಕೂಗಿದರೂ ಕೇಳಿಸಿಕೊಳ್ಳಲು ಯಾರಿದ್ದಾರೆ.

ನಳಿಗೆ ನೆಟ್ಟಗೆ ಬಂತು, ಭುಜಕ್ಕೆ ಆನಿಸುವ ಮರದ ಭಾಗ ಕೆಟ್ಟಗೆ ಬಂತು. ಬೆರಳಿಡುವ ಕುದುರೆಗೂ ಭುಜಕ್ಕೂ ಎಷ್ಟು ದೂರವಿರಬೇಕೋ ನನಗೇನು ಗೊತ್ತು? ಅಳಿಸಿದೆ, ಬರೆದೆ, ಮತ್ತೆ ಅಳಿಸಿದೆ. ಇದನ್ನು ಕಡೆದುಕೊಡಬೇಕಾದ ಲೇತ್ ಅಂಗಡಿಯ ಸಂಗಮೇಶ್ ನೋಡಿ, "ಇದನ್ನ ಹಿಡಿದೋನು ಸೈನಿಕ ಅನ್ಸಲ್ಲ ಕಣೋ, ಭಜನೆಗೆ ತಂಬೂರಿ ತಂದೋನು ಅನ್ಸುತ್ತೆ. ನಿಜವಾದ ಕೋವಿದೊಂದು ಅಳತೆ ತಗಂಬಾ" ಅಂದ. ಗದ್ದೆಗೆ ನುಗ್ಗುವ ಕಾಡುಹಂದಿ ಓಡಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡವರು ನನಗೆ ಗೊತ್ತಿರುವವರಲ್ಲಿ ನಿಮ್ಮಪ್ಪ ಒಬ್ಬರೇ. ಟೇಪು ಜೇಬಿಗಿಳಿಸಿ ಗುರುವಾರ ಸೊರಬದ ಬಸ್ಸು ಹತ್ತಿದೆ.

ಆಮೇಲಿನದು ನಿನಗೆ ಗೊತ್ತು. ಒಳಗೆ ಅಡಿಗೆಮನೆಯಲ್ಲೇ ಇದ್ದೆಯಲ್ಲ. ಚುನಾವಣೆ ಬಂತೆಂದರೆ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರುತ್ತವೆ ಅನ್ನುವುದು ನಿಮ್ಮೂರಿನ ಕೂಸಿಗೂ ಗೊತ್ತು, ಚುನಾವಣೆಯ ಫ್ಲೆಕ್ಸನ್ನೇ ತಿಂದು ಬದುಕುವ ನನಗೆ ನೆನಪಾಗಲಿಲ್ಲ. ಮಾವನವರು ಟೇಪನ್ನೂ ನೋಡಿದರು, ನನ್ನನ್ನೂ ನೋಡಿದರು. ಎಲೆಯಡಿಕೆ ಉಗಿದು ಬಂದು ನಿಧಾನಕ್ಕೆ ಕೇಳಿದರು. "ಕೋವಿ ಠಾಣೇಲಿದೆ, ಮಗಳು ಒಳಗಿದಾಳೆ. ತಾವು ಯಾವುದನ್ನ ನೋಡೋಕೆ ಬಂದ್ರಿ ಅಳಿಯಂದ್ರೇ?"

"ಕೋವೀನೇ ಮಾವ" ಅಂದೆ.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮಜ್ಜಿಗೆ ಬಂತು, ತಂದವರು ಮಾವನವರೇ. ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಬರುತ್ತೇನೆ ಎಂದು ಗೋಡೆಗೆ ಹೇಳಿ ಬಂದೆ. ಹುಡುಗರ ನಾಟಕವೂ ಮುಂದಕ್ಕೆ ಹೋಯಿತು. ನಕ್ಷೆ ಮೇಜಿನ ಮೇಲೆ ಹಾಗೇ ಇದೆ. ಈಗ ಹಿಂದಿನ ಭಾಗವೇ ಇಲ್ಲ ಅದಕ್ಕೆ, ಅಳಿಸಿ ಅಳಿಸಿ ಫ್ಲೆಕ್ಸು ಹರಿದಿದೆ.

ಮಾವನವರಿಗೆ ನನ್ನ ಶರಣು ಹೇಳು. ಮಂಡಿಗೆ ಎಣ್ಣೆ ಹಚ್ಚುವಾಗ ಹೆಚ್ಚು ಬಿಸಿ ಮಾಡಬೇಡ. ನಿನಗೆ ಒಳ್ಳೆಯದಾಗಲಿ, ನಿದ್ದೆ ಬರಲಿ.

ಹೆಸರಿಗೆ ಗಂಡ, ಅಡಿಗೆಗೆ ದಂಡ,
ಮಹಾಂತೇಶ

ಮತ್ತೆ: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೆನಪಾಗಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಕೋವಿ ಠಾಣೆಯಲ್ಲಿದೆ ಅಂತ ಬಸ್ಸು ಹತ್ತುವಾಗಲೇ ಗೊತ್ತಿತ್ತು. ನಿನ್ನನ್ನು ನೋಡೋಕೇ ಬಂದಿದ್ದೆ, ಕೇಳಿದಾಗ ಬಾಯಿ ಬರಲಿಲ್ಲ. ವಾಪಸು ಬರುವಾಗ ಶಿರಾಳಕೊಪ್ಪದವರೆಗೂ ಅಳುತ್ತಿದ್ದೆ, ಕಂಡಕ್ಟರು ಟಿಕೆಟ್ಟು ಕೇಳದೆ ಮುಂದಕ್ಕೆ ಹೋದ. ನೀನು ಬರುತ್ತೀಯ ಅನ್ನೋ ನಂಬಿಕೆ ನನಗಿಲ್ಲ. ಈ ಮನೆಯಲ್ಲಿ ಒಬ್ಬನೇ ಇರೋಕೆ ನನ್ನ ಕೈಲಿ ಆಗ್ತಾ ಇಲ್ಲ ಅಶ್ವಿನಿ.