ಒಂದೂವರೆ ಗೇಣಿನ ಪೆಟ್ಟಿಗೆ

ಮನೆಯಿಂದ,
ತಾರೀಖು ಆರು, ಗುರುವಾರ ಬೆಳಿಗ್ಗೆ

ನನ್ನ ಸಿಡುಕಿ ಮೊಮ್ಮಗಳೇ,

ಹೇಗಿದ್ದೀಯ? ಆ ದ್ವೀಪದಲ್ಲಿ ಕೂತು ಗಾಳಿ ಅಳೆಯುವ ಕೆಲಸದಲ್ಲಿ ನಿನ್ನ ಕೂದಲಾದರೂ ತಲೆಯ ಮೇಲಿದೆಯೋ, ಹಾರಿಹೋಯಿತೋ? ಕೆಮ್ಮು ಬಿಟ್ಟಿತೇ? ನಿನ್ನಮ್ಮ ಹೆಣೆದುಕೊಟ್ಟ ಉಣ್ಣೆಯ ಟೋಪಿ ಹಾಕಿಕೋ. ಅದನ್ನು ಪೆಟ್ಟಿಗೆಯ ತಳಕ್ಕೆ ತುರುಕಿಟ್ಟು, ದಿನಾ ಹಾಕಿಕೊಳ್ಳುತ್ತೇನೆ ಎಂದು ಬರೆಯಬೇಡ, ನಾನು ನಿನ್ನನ್ನು ಎತ್ತಿ ಆಡಿಸಿದವಳು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದೇ ಇದೆ, ಅದರ ಸುದ್ದಿ ಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇದು, ಅರ್ಥವಾಗದಿದ್ದರೆ ಕಣ್ಣು ತೊಳೆದುಕೊಂಡು ಇನ್ನೊಮ್ಮೆ ಓದು. ಫೋನೂ ಸಿಗದ ಜಾಗಕ್ಕೆ ಹೋಗಿ ಕೂತವಳು ನೀನು, ಬೆರಳು ನೋಯುತ್ತಿರುವುದು ನನಗೆ.

ನೀನು ಅಮ್ಮನಿಗೆ ಬರೆದ ಕಾಗದವನ್ನು ನಾನೂ ಓದಿದೆ. ಅಜ್ಜಿಗೆ ತೋರಿಸಬೇಡ ಎಂದು ಮೂಲೆಯಲ್ಲಿ ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಇಪ್ಪತ್ತನೇ ತಾರೀಖಿಗೆ ರಜೆ ಶುರುವಾದರೂ ಮನೆಗೆ ಬರುವುದಿಲ್ಲ, ಗೆಳತಿಯ ಮನೆಗೆ ಹೋಗುತ್ತೀಯಂತೆ. ಕಾರಣ ನನಗೆ ಗೊತ್ತಿಲ್ಲವೇ? ನೀನು ಹೊರಡುವ ಹಿಂದಿನ ವಾರ ಗುಜರಿಯವನು ಬಂದಾಗ, ಕೆಟ್ಟ ಫ್ಯಾನು, ತೂತು ಬಕೆಟ್ಟಿನ ಜೊತೆಗೆ ನಿನ್ನ ಹಳೆಯ ಕಂಪ್ಯೂಟರನ್ನೂ ಎತ್ತಿಕೊಟ್ಟವಳು ನಾನು. ಹಾಕಿದರೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಇನ್ನೇನು ಅದರ ಕಥೆ ಮುಗಿಯಿತು ಅಂದುಕೊಂಡೆ. ನೀನು ಸ್ನಾನ ಮುಗಿಸಿ ಬಂದು ಖಾಲಿ ಮೇಜು ನೋಡಿ "ಅಜ್ಜಿ, ಇಲ್ಲಿದ್ದದ್ದು ಎಲ್ಲಿ?" ಅಂದೆ. "ಹಾಳು ಆಟದ ಡಬ್ಬ, ಹೋಯ್ತು ಬಿಡು" ಅಂದೆ ನಾನು. ಎಂಟು ದಿನ ಮಾತಿಲ್ಲ. ಹೊರಟ ದಿನ "ಬರ್ತೀನಿ" ಅಂದದ್ದೂ ಬಾಗಿಲಿಗೆ, ನನಗಲ್ಲ. ಆಮೇಲೆ ಗುಜರಿಯವನ ಹತ್ತಿರ ಹೋಗಿ ಕೇಳಿದೆ. ಅವನು ಆಗಲೇ ಬಿಚ್ಚಿ ಬಿಡಿ ಬಿಡಿಯಾಗಿ ಮಾರಿದ್ದ. ಅವನಿಗೂ ಬೈದು ಬಂದೆ, ಅವನದೇನೂ ತಪ್ಪಿರಲಿಲ್ಲ.

ಹೋದ ತಿಂಗಳು ನಿನ್ನ ಬಟ್ಟೆ ಬೀರುವಿಗೆ ಜಿರಲೆ ಗುಳಿಗೆ ಹಾಕಲು ಹೋದಾಗ ಬಾಗಿಲ ಒಳಗೆ ಅಂಟಿಸಿದ ಚೀಟಿ ಕಂಡಿತು. ಹೊಸ ಕಂಪ್ಯೂಟರಿಗೆ ಏನೇನು ಬೇಕು ಅಂತ ಹನ್ನೊಂದು ಸಲ ಹೊಡೆದುಹಾಕಿ ಹನ್ನೆರಡನೇ ಸಲ ಬರೆದಿದ್ದೆ. ಕೆಳಗೆ ನಿನಗೆ ನೀನೇ ಬುದ್ಧಿ ಹೇಳಿಕೊಂಡಿದ್ದೆ: "ದುಡ್ಡು ಸಾಲದಿದ್ರೆ ಪ್ರೊಸೆಸರ್ ಒಂದು ಮೆಟ್ಟಿಲು ಇಳಿಸು, ಗ್ರಾಫಿಕ್ಸ್ ಕಾರ್ಡ್ ಇಳಿಸ್ಬೇಡ, ಪವರ್ ಸಪ್ಲೈ ತಂಟೆಗೆ ಹೋಗ್ಲೇಬೇಡ." ಎಲ್ಲಕ್ಕೂ ಹೆಸರು, ನಂಬರು ಇತ್ತು. ಕ್ಯಾಬಿನೆಟ್ ಅನ್ನುವ ಪೆಟ್ಟಿಗೆಗೆ ಮಾತ್ರ "ಯಾವುದಾದರೂ ಸರಿ, ಗಾಳಿ ಆಡಬೇಕು, ಕಾರ್ಡ್ ಉದ್ದ ಹನ್ನೆರಡು ಇಂಚು" ಅಂತಿತ್ತು. ಹೋಟೆಲಿನವರಿಗೆ ಇಪ್ಪತ್ತು ಬೆತ್ತದ ಕುರ್ಚಿ ಕಟ್ಟಿಕೊಟ್ಟ ದುಡ್ಡು ಸುಮ್ಮನೆ ಕೂತಿತ್ತು. ಒಂದನೇ ತಾರೀಖು, ಶನಿವಾರ, ಚೀಟಿ ಕಿತ್ತುಕೊಂಡು ಸೀದಾ ಕಂಪ್ಯೂಟರ್ ಅಂಗಡಿಗೆ ಹೋದೆ.

ಅಂಗಡಿಯವನು ಬೊಕ್ಕತಲೆಯವನು, ಮಾತು ಜಾಸ್ತಿ. ಚೀಟಿ ನೋಡಿ "ಯಾರು ಬರ್ದಿದ್ದು ಅಜ್ಜಿ, ಬಹಳ ತಿಳ್ಕೊಂಡಿದಾರೆ" ಅಂದ. ನನಗೆ ಒಳಗೊಳಗೇ ಹಿಗ್ಗು, ಆದರೂ "ನೋಡಿದ್ದು ಸಾಕು, ತೆಗಿ" ಅಂದೆ. ಪವರ್ ಸಪ್ಲೈ ಬಂದಾಗ ಅಗ್ಗದ್ದೊಂದು ಮುಂದಿಟ್ಟು "ಇದೂ ಅಷ್ಟೇ ವಾಟು" ಅಂದ. ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದೆ. ಅವನದು ಖಾಲಿ ಬಿಸ್ಕತ್ತಿನ ಡಬ್ಬದ ಹಾಗೆ ಹಗುರ. ಇದನ್ನು ನಿನ್ನ ಮನೆಯಲ್ಲೇ ಇಟ್ಟುಕೋ ಅಂದೆ. ಪ್ರೊಸೆಸರನ್ನು ನೀನು ಹೇಳಿದ ಹಾಗೆ ಒಂದು ಮೆಟ್ಟಿಲು ಇಳಿಸಿದೆ, ಕಾರ್ಡನ್ನು ಮುಟ್ಟಲಿಲ್ಲ. ಆಮೇಲೆ ಅವನು ಗಾಜಿನ ಮುಖದ ಪೆಟ್ಟಿಗೆ ತಂದ, ಒಳಗೆಲ್ಲ ಕೆಂಪು, ಹಸಿರು ದೀಪ. ಇದೇನು ಮಿಠಾಯಿ ಅಂಗಡಿಯೇ ಅಂತ ಕೇಳಿದೆ. ಹಿಂದೆ ಮೂಲೆಯಲ್ಲಿ ಮುಖಕ್ಕೆಲ್ಲ ಜಾಲರಿ ಇದ್ದ ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ಬೆತ್ತದ ಕುರ್ಚಿಯಲ್ಲಿ ಕೂತವರ ಬೆನ್ನು ಯಾಕೆ ಬೆವರುವುದಿಲ್ಲ ಅಂತ ಅವನಿಗೆ ಹೇಳಿಕೊಟ್ಟೆ. "ನೀವೇ ಅಂಗಡಿ ಇಡ್ಬಹುದು" ಅಂದ. ಒಳಗೆ ಕಾರ್ಡ್ ಕೂರುವ ಜಾಗಕ್ಕೆ ಕೈಹಾಕಿ ಗೇಣು ಹಿಡಿದೆ, ಸರಿಯಾಗಿ ಒಂದೂವರೆ. ನನ್ನ ಗೇಣು ಒಂಬತ್ತು ಇಂಚು, ನಲವತ್ತು ವರ್ಷ ಕುರ್ಚಿ ಕಟ್ಟಿದ ಗೇಣು. ಹದಿಮೂರೂವರೆ ಇಂಚಿನ ಜಾಗ, ಹನ್ನೆರಡು ಇಂಚಿನ ಕಾರ್ಡು. "ಟೇಪ್ ಕೊಡ್ಲಾ ಅಜ್ಜಿ?" ಅಂದ. ನಿನ್ನ ಟೇಪು ಹುಟ್ಟುವ ಮೊದಲಿನ ಕೈ ಇದು ಅಂದು ಪೆಟ್ಟಿಗೆ ಕಟ್ಟಿಸಿದೆ.

ಮನೆಗೆ ಬಂದು ನನ್ನ ಬೆತ್ತದ ಮೇಜಿನ ಮೇಲೆ ಎಲ್ಲ ಹರಡಿದೆ. ನಿನ್ನಮ್ಮ ಪುಸ್ತಕ ಓದಿ ಹೇಳುವುದು, ನಾನು ಕೂರಿಸುವುದು. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ಗುರುತು ನೋಡಿ ಇಟ್ಟೆ, ಒತ್ತಲಿಲ್ಲ, ತಾನೇ ಕೂತಿತು. ಮೇಲೆ ಬಟಾಣಿ ಕಾಳಿನಷ್ಟು ಪೇಸ್ಟು, ಅದರ ಮೇಲೆ ಬಿಸಿ ಎಳೆಯುವ ಫ್ಯಾನು. ಮೆಮೊರಿ ಪಟ್ಟಿ ಎರಡೂ ಟಕ್ ಅಂದವು. ಮದರ್‌ಬೋರ್ಡಿಗೆ ಯಾಕೆ ಆ ಹೆಸರು ಅಂತ ಆಗ ತಿಳಿಯಿತು ಕಣೇ. ಎಲ್ಲರೂ ಬಂದು ಅವಳ ಮೇಲೇ ಕೂರುವುದು, ಅವಳ ಸುದ್ದಿ ಯಾರೂ ಎತ್ತುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಥೇಟ್ ನಿನ್ನ ಹಾಗೆ, ಮನೆಯ ಕರೆಂಟೆಲ್ಲ ಅವಳಿಗೇ ಬೇಕು, ಮೇಲಿಂದ ಬಿಸಿಯೂ ಅವಳೇ ಆಗುವುದು. ಅದನ್ನು ಪೆಟ್ಟಿಗೆಯಲ್ಲಿ ಇಡಲು ಹೋದರೆ ಒಳಗೆ ಹೋಗಲಿಲ್ಲ. ಅಡ್ಡ ಮಾಡಿದೆ, ಓರೆ ಮಾಡಿದೆ, ಬೈದೆ. ಕಮ್ಮಿ ಬಿದ್ದದ್ದು ಅರ್ಧ ಇಂಚೂ ಇಲ್ಲ, ಅಷ್ಟಕ್ಕೇ ಸಿಕ್ಕಿಬಿತ್ತು.

ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೇ ಅಂಗಡಿಯ ಮುಂದೆ ನಿಂತಿದ್ದೆ. ಹನ್ನೆರಡು ಇಂಚು ಅಂತ ಸುಳ್ಳು ಹೇಳಿ ಉದ್ದದ ಕಾರ್ಡ್ ಕೊಟ್ಟಿದ್ದೀಯ ಅಂತ ಬೀದಿಗೆ ಕೇಳುವ ಹಾಗೆ ಜಾಡಿಸಿದೆ. ಅವನು ಕಾರ್ಡಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟ, ಹನ್ನೆರಡೇ ಇಂಚು. "ಅಜ್ಜಿ, ನಿಮ್ ಕೈ ಕೊಡಿ" ಅಂದು ಅದನ್ನೇ ನನ್ನ ಗೇಣಿನ ಪಕ್ಕ ಹಿಡಿದ. ಏಳೂಮುಕ್ಕಾಲು. ಎಷ್ಟು ಎಳೆದು ಹಿಡಿದರೂ ಏಳೂಮುಕ್ಕಾಲು. ಹೆಬ್ಬೆರಳಿನ ಗೆಣ್ಣು ಯಾವಾಗ ಬಿಗಿದುಕೊಂಡಿತೋ, ನನಗೆ ಒಂದು ಮಾತೂ ಹೇಳಲಿಲ್ಲ. ಅಷ್ಟು ವಾಚಾಳಿ ಮನುಷ್ಯ ನಗಲಿಲ್ಲ ನೋಡು. ಅದೇ ಜಾಲರಿಯ ದೊಡ್ಡ ಪೆಟ್ಟಿಗೆ ಒಳಗಿನಿಂದ ತಂದು, ತಾನೇ ಅಳೆದು ತೋರಿಸಿ, ಸ್ಟೂಲು ಕೊಟ್ಟು, ಟೀ ತರಿಸಿದ. ಕುಡಿದೆ. ಬೈದದ್ದು ತಪ್ಪಾಯಿತು ಅಂದೆ. ಹೌದು, ನಾನೇ ಅಂದೆ. ಜೊತೆಗೆ ಬಂದಿದ್ದ ನಿನ್ನಮ್ಮ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೋ ಅಂತ.

ದಾರಿಯಲ್ಲಿ ಬರುವಾಗ ಇನ್ನೊಂದು ಹೊಳೆಯಿತು. ಹೋದ ವರ್ಷ ಅಂಚೆ ಕಚೇರಿಯ ಗುಮಾಸ್ತರು ನಾನು ಕಟ್ಟಿದ ಕುರ್ಚಿ ಇಕ್ಕಟ್ಟು ಅಂದಿದ್ದರು. ಕುರ್ಚಿ ಸಣ್ಣದಾಗಿಲ್ಲ, ನೀವು ದೊಡ್ಡದಾಗಿದ್ದೀರಿ ಅಂತ ಅಂದು ಕಳಿಸಿದ್ದೆ. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದರೆ, ಸುಳ್ಳು ಹೇಳುತ್ತಿದ್ದದ್ದು ನನ್ನ ಕೈಯೇ. ಹೋಟೆಲಿನವರ ಇಪ್ಪತ್ತು ಕುರ್ಚಿ ಅವರದೇ ಹಳೆಯ ಕುರ್ಚಿಯ ಅಚ್ಚಿಗೆ ಕಟ್ಟಿದ್ದು, ಬದುಕಿದೆ. ಗುಮಾಸ್ತರ ಕುರ್ಚಿ ಇವತ್ತು ಈ ಕಾಗದ ಹಾಕಲು ಹೋದಾಗ ವಾಪಸು ತರುತ್ತೇನೆ. ಟೇಪು ಕೊಂಡಿದ್ದೇನೆ, ಹಳದಿ ಬಣ್ಣದ್ದು, ಸೆರಗಿಗೆ ಸಿಕ್ಕಿಸಿಕೊಂಡೇ ಓಡಾಡುತ್ತೇನೆ.

ಈಗ ಕಾರ್ಡ್ ಆರಾಮಾಗಿ ಕಾಲು ಚಾಚಿ ಕೂತಿದೆ. ವೈರುಗಳನ್ನು ಬೆತ್ತದ ಸೀಳಿನಿಂದ ಕಟ್ಟಿದ್ದೇನೆ, ಆರು ಎಳೆಯ ಹೆಣಿಗೆ. ಮೆತ್ತಗಾಗಲೆಂದು ನೆನೆಸಿದ್ದ ಸೀಳನ್ನು ನೀರಿಂದ ತೆಗೆಯುವಾಗ, ವೈರಿಗೆ ಒದ್ದೆ ತಾಗುತ್ತದೆ ಅಂತ ನಿನ್ನಮ್ಮ ಕಿರುಚಿಕೊಂಡಳು, ಎರಡು ದಿನ ಬಿಸಿಲಲ್ಲಿ ಒಣಗಿಸಿಯೇ ಕಟ್ಟಿದೆ. ನಿನ್ನ ಹಳೆಯ ಕಂಪ್ಯೂಟರಿನ ಪರದೆ ಗುಜರಿ ಗಾಡಿಯಲ್ಲಿ ಜಾಗವಿಲ್ಲದೆ ಉಳಿದು ಅಟ್ಟ ಸೇರಿತ್ತು, ಒರೆಸಿ ಪಕ್ಕದಲ್ಲಿಟ್ಟಿದ್ದೇನೆ. ಟೋಪಿ ಹಾಕಿಕೋ, ಹೊಟ್ಟೆ ತುಂಬ ತಿನ್ನು, ಮೇಲಧಿಕಾರಿಯ ಹತ್ತಿರ ನನ್ನ ಹಾಗೆ ಮಾತಾಡಬೇಡ. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಸಿಟ್ಟು ಕಮ್ಮಿಯಾಗಲಿ, ಪೂರ್ತಿ ಹೋಗುವುದು ಬೇಡ. ನಿನ್ನಮ್ಮ ಹಾಲಿಗೆ ಹೋಗಿದ್ದಾಳೆ, ಅವಳ ಪ್ರೀತಿಯನ್ನೂ ನಾನೇ ಬರೆದಿದ್ದೇನೆ ಅಂದುಕೋ.

ಇಂತಿ,
ಏಳೂಮುಕ್ಕಾಲು ಇಂಚಿನ ನಿನ್ನ ಅಜ್ಜಿ

ಮರೆತ ಮಾತು: ದೋಣಿಯ ಟಪಾಲು ಹೊರಡುವ ಹೊತ್ತಾಯಿತು, ಗೀಚುತ್ತಿದ್ದೇನೆ. ಗುಂಡಿ ಇನ್ನೂ ಒತ್ತಿಲ್ಲ. ಬೊಕ್ಕತಲೆಯವನು ಒತ್ತಿ ನೋಡಿ ಅಂತ ದಿನಾ ಫೋನ್ ಮಾಡುತ್ತಾನೆ, ನನ್ನ ಮೊಮ್ಮಗಳೇ ಒತ್ತಬೇಕು ಅಂದಿದ್ದೇನೆ. ಯಾವುದಾದರೂ ಕೆಟ್ಟಿದ್ದರೆ ಮೂವತ್ತನೇ ತಾರೀಖಿನೊಳಗೆ ತಂದರೆ ಮಾತ್ರ ಬದಲಾಯಿಸುತ್ತಾನಂತೆ, ಆಮೇಲೆ ಅವನು ಜವಾಬ್ದಾರನಲ್ಲ. ನಿನ್ನ ರಜೆ ಇಪ್ಪತ್ತಕ್ಕೆ. ಲೆಕ್ಕ ನೀನೇ ಹಾಕು. ಹಳೆಯದನ್ನು ಕೇಳದೆ ಕೊಟ್ಟದ್ದು ನನ್ನ ತಪ್ಪು. ಬರೆದಿದ್ದೇನೆ, ಬಂದಾಗ ಇನ್ನೊಮ್ಮೆ ಬಾಯಲ್ಲಿ ಹೇಳಿಸಬೇಡ. ಬಾ.