ಐವತ್ತೆಂಟರಲ್ಲೇ ನಿಂತ ಮೇಣ

ಉಷ್ಣೋಪಕರಣ ಪರಿಶೀಲನಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬಿಸಿನೀರಿನ ನಲ್ಲಿಗೆ ನಿಮ್ಮ ಕಚೇರಿ ಅರಗಿನ ಮುದ್ರೆ ಹಾಕಿ ಇಂದಿಗೆ ಹತ್ತೊಂಬತ್ತು ದಿನ. ನಾವು ಮಾಡಿದ ಅಪರಾಧವಿಷ್ಟೇ: ನಮ್ಮ ಪೀಪಾಯಿಯ ಮೇಣ ಮೇಣದ ಹಾಗೆಯೇ ನಡೆದುಕೊಂಡಿತು.

ಪಾರ್ಶ್ವವಾಯು ಬಡಿದವರ ಕೈಗೆ ವ್ಯಾಯಾಮ ಮಾಡಿಸುವ ಕೇಂದ್ರವೊಂದು ನಮ್ಮ ಬೀದಿಯ ಹಳೆಯ ಗೋದಾಮಿನ ಮಹಡಿಯಲ್ಲಿದೆ. ಬೆಳಿಗ್ಗೆ ಆರಕ್ಕೆ ಹನ್ನೊಂದು ಮಂದಿ ಬಂದು ಬೇಸಿನ್‌ಗಳಲ್ಲಿ ಕೈ ಅದ್ದಿ ಕೂರುತ್ತಾರೆ. ಬಿಗಿದ ಬೆರಳು ಬಿಸಿನೀರಿನಲ್ಲಿ ಸಡಿಲವಾದರೆ ಮಾತ್ರ ಮುಂದಿನ ವ್ಯಾಯಾಮ. ನೆಲ ಮರದ್ದು, ಒಲೆಯಾಗಲಿ ಹೀಟರ್ ಆಗಲಿ ಕೂಡದೆಂದು ಆದೇಶಿಸಿದ್ದು ನಿಮ್ಮದೇ ಕಚೇರಿ. ತಲೆಬಾಗಿ ಒಪ್ಪಿದೆವು. ಟ್ಯಾಂಕುಗಳಿಗೆ ಬೆಸುಗೆ ಹಾಕಿ ಬದುಕುವ ನಾನು ತಾರಸಿಯಲ್ಲಿ ಮೇಣ ತುಂಬಿದ ಪೀಪಾಯಿ ಕೂರಿಸಿದೆ. ಹಗಲಿನ ಬಿಸಿಲಿಗೆ ಮೇಣ ಕರಗುತ್ತದೆ. ಆಮೇಲೆ ನಿಧಾನವಾಗಿ ಗಟ್ಟಿಯಾಗುತ್ತ, ಕರಗುವಾಗ ನುಂಗಿದ್ದ ಶಾಖವನ್ನು ಮರುದಿನ ಬೆಳಿಗ್ಗೆಯವರೆಗೂ ಒಳಗಿನ ಕೊಳವೆಯ ನೀರಿಗೆ ಬಿಟ್ಟುಕೊಡುತ್ತದೆ.

ನಿಮ್ಮ ಪರಿವೀಕ್ಷಕರು ಹನ್ನೊಂದಕ್ಕೆ ಬಂದು ಮೇಣಕ್ಕೆ ಉಷ್ಣಮಾಪಕ ಚುಚ್ಚಿದರು: ಐವತ್ತೆಂಟು ಡಿಗ್ರಿ. ಊಟ ಮುಗಿಸಿ ಎರಡೂವರೆಗೆ ಮತ್ತೆ ನೋಡಿದರು: ಐವತ್ತೆಂಟು. ‘ಉಷ್ಣಾಂಶದಲ್ಲಿ ಏರಿಕೆ ಇಲ್ಲ, ಆದ್ದರಿಂದ ಶಾಖ ಸಂಗ್ರಹ ಶೂನ್ಯ, ಉಪಕರಣ ಅನರ್ಹ’ ಎಂದು ಬರೆದರು. ಪೂರ್ತಿ ಕರಗುವ ತನಕ ಅಂಕಿ ಏರುವುದಿಲ್ಲ, ಬಂದ ಶಾಖವೆಲ್ಲ ಕರಗುವುದಕ್ಕೇ ಹೋಗುತ್ತದೆ ಎಂದು ವಿವರಿಸಿದೆ. ಹನ್ನೊಂದಕ್ಕೆ ಬಹುಪಾಲು ಗಟ್ಟಿಯಿದ್ದದ್ದು ಈಗ ಬಹುಪಾಲು ಎಣ್ಣೆಯಂತೆ ತುಳುಕುತ್ತಿರುವುದನ್ನು ತೋರಿಸಿದೆ. ಅವರು ನಮೂನೆ ತೋರಿಸಿದರು. “ತುಳುಕೋದಕ್ಕೆ ಇದರಲ್ಲಿ ಕಾಲಂ ಇಲ್ಲ ಕಣ್ರೀ.”

ಮುದ್ರೆಯ ಅರಗು ಕಾಯಿಸಲು ನಿಮ್ಮ ಜವಾನರು ಮೇಣದಬತ್ತಿ ಹಚ್ಚಿದರು. ಹನಿಯೊಂದು ಅವರ ಬೆರಳ ಮೇಲೆ ಬಿದ್ದು, ಬಿಳಿಯಾಗಿ ಹೆಪ್ಪುಗಟ್ಟುತ್ತಲೇ ಸುಟ್ಟಿತು. “ಇಷ್ಟೇ ಇಷ್ಟು ಹನಿ, ಎಷ್ಟೊತ್ತು ಸುಡುತ್ತೆ ನೋಡಿ ಸಾರ್,” ಎಂದು ಪರಿವೀಕ್ಷಕರಿಗೆ ಬೆರಳು ಚಾಚಿದರು. ಆ ದಿನ ನಿಮ್ಮ ಇಲಾಖೆ ನಡೆಸಿದ ಏಕೈಕ ಸರಿಯಾದ ಪ್ರಯೋಗ ಅದು. ವರದಿಯಲ್ಲಿ ಅದೇಕಿಲ್ಲ?

ಆ ಹನ್ನೊಂದು ಮಂದಿಯಲ್ಲಿ ನನ್ನ ತಂಗಿಯೂ ಒಬ್ಬಳು, ದರ್ಜಿ. ಬಲಗೈ ಬಿದ್ದುಹೋಗಿತ್ತು. ಮುದ್ರೆ ಬಿದ್ದ ವಾರವಷ್ಟೇ ಸೂಜಿ ಹಿಡಿದು ನನ್ನ ಅಂಗಿಗೆ ಎರಡು ಗುಂಡಿ ಹೊಲಿದಿದ್ದಳು. ಸೊಟ್ಟಗೆ ಕೂತಿದ್ದವು, ಗಿರಾಕಿ ಅಣ್ಣನಾದ್ದರಿಂದ ದೂರು ಬರಲಿಲ್ಲ. ಈಗ ತಣ್ಣೀರಿನಲ್ಲಿ ಆ ಬೆರಳುಗಳು ಮತ್ತೆ ಮುಷ್ಟಿ ಕಟ್ಟುತ್ತಿವೆ. ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದೆ. ಮುಟ್ಟಲಿಲ್ಲ. “ಹತ್ತು ಜನ ತಣ್ಣೀರಲ್ಲಿ ಕೈ ಇಟ್ಕೊಂಡು ನನ್ನೇ ನೋಡ್ತಿದ್ರೆ, ನಾನೊಬ್ಬಳೇ ಹೇಗೆ ಕೂರಲಿ ಅಣ್ಣ?” ಎಂದಳು. ಫ್ಲಾಸ್ಕನ್ನು ಹಾಗೇ ಮನೆಗೆ ತಂದೆ. ಅವಳ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದ್ದರೆ ಕಳಿಸಿಕೊಡಿ.

ನಮ್ಮ ಮೇಲ್ಮನವಿಯ ಪರಿಶೀಲನೆಗೆ ಇನ್ನೂ ಅರವತ್ತು ದಿನ ಬೇಕೆಂದಿದ್ದೀರಿ. ಬೆರಳು ಮತ್ತೆ ಕೆಲಸ ಕಲಿಯುವುದಿದ್ದರೆ ಇನ್ನು ನಲವತ್ತು ದಿನಗಳೊಳಗೆ ಎಂದು ಅವಳ ಚಿಕಿತ್ಸಕಿ ಹೇಳಿದ್ದಾರೆ. ಉಳಿದ ಇಪ್ಪತ್ತು ದಿನ ಅವಳು ಏನು ಮಾಡಬೇಕು, ನಿಮ್ಮ ಕಡತಕ್ಕೆ ಗಾಳಿ ಬೀಸಬೇಕೆ?

ಮೇಣ ನಿಮ್ಮ ಆದೇಶವನ್ನು ಓದಿಲ್ಲ. ಮುದ್ರೆಯ ಹಿಂದೆ ದಿನವೂ ಕರಗುತ್ತಲೇ ಇದೆ. ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ಖುದ್ದಾಗಿ ಬನ್ನಿ, ಮುದ್ರೆ ಒಡೆಯಿರಿ. ಮೊದಲ ಬೇಸಿನ್ ನಿಮಗೇ. ನೀರು ತಣ್ಣಗಿದ್ದರೆ ಪೀಪಾಯಿಯನ್ನು ನಾನೇ ಕಳಚಿ ನಿಮ್ಮ ಜೀಪಿಗೆ ಹೊರಿಸುತ್ತೇನೆ. ಬಿಸಿಯಿದ್ದರೆ ಬೇಗ ಕೈ ತೆಗೆದು ಪಕ್ಕಕ್ಕೆ ಸರಿಯಿರಿ; ಹಿಂದೆ ಹನ್ನೊಂದು ಮಂದಿ ಕಾಯುತ್ತಿರುತ್ತಾರೆ.

ಇಂತಿ,
ನಿಮ್ಮ ಆದೇಶವನ್ನು ಪಾಲಿಸಿಯೇ ಸಿಕ್ಕಿಬಿದ್ದ
ಒಬ್ಬ ಬೆಸುಗೆಯವನು