ತಮ್ಮನ ಮೇಲಿದ್ದ ಜಗಳಗಂಟಿ ಗಿಡ

ನಗರದ ಉದ್ಯಾನ ಮತ್ತು ಸ್ಮಶಾನಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಮ್ಮನನ್ನು ನಿಮ್ಮ ಕಚೇರಿ ಕಳೆದುಹಾಕಿದೆ. ಬದುಕಿದ್ದವನು ಕಳೆದುಹೋಗಿದ್ದರೆ ಹುಡುಕಲು ಪೊಲೀಸರಾದರೂ ಇರುತ್ತಿದ್ದರು. ನೀವು ಕಳೆದಿರುವುದು ಸತ್ತವನನ್ನು. ನಿಮ್ಮದೇ ಸ್ಮಶಾನದಲ್ಲಿ, ನಿಮ್ಮದೇ ಆಳುಗಳು ತೋಡಿದ ಗುಂಡಿಯಲ್ಲಿ ಅಲ್ಲಾಡದೆ ಮಲಗಿದ್ದವನನ್ನು. ಅವನ ಮೇಲೆ ಬೆಳೆದಿದ್ದ ಒಂದು ಮುಳ್ಳುಗಿಡವೇ ಅವನ ಗುರುತಾಗಿತ್ತು. ಅದನ್ನು ಬುಡಸಮೇತ ಕೀಳಿಸಿ, ನೆಲ ಸಮ ಮಾಡಿಸಿ, ಮೇಲೆ ನಡಿಗೆಯ ದಾರಿ ಹಾಸಿದ್ದೀರಿ. ಬದುಕಿರುವವರ ಉದ್ಯಾನಕ್ಕೂ ಸತ್ತವರ ಸ್ಮಶಾನಕ್ಕೂ ಸೇರಿಸಿ ಒಂದೇ ಕುರ್ಚಿ ಇಟ್ಟ ಪುಣ್ಯಾತ್ಮರು ಯಾರೋ ತಿಳಿಯದು. ಅದರಲ್ಲಿ ಕೂತವರಿಗಂತೂ ಎರಡರ ನಡುವಿನ ವ್ಯತ್ಯಾಸ ಮರೆತುಹೋದಂತಿದೆ.

ಮೊದಲು ಗಿಡದ ವಿಷಯ ಹೇಳುತ್ತೇನೆ, ತಾವು ಅದನ್ನು ಕಡತದಲ್ಲಿ ಮಾತ್ರ ನೋಡಿರಬಹುದು. ಊರಾಚೆಯ ಕುರುಚಲು ಬಯಲಿನಲ್ಲಿ, ಕಾಡು ಶುರುವಾಗುವ ಅಂಚಿನಲ್ಲಿ ತಾನಾಗಿ ಹುಟ್ಟುವ ಗಿಡ ಅದು. ಮೊಣಕಾಲೆತ್ತರ ದಾಟುವುದಿಲ್ಲ. ಕಾಳಿನಷ್ಟು ಸಣ್ಣ ಹಳದಿ ಹೂವು, ಹೂವಿನ ಹಿಂದೆ ಸೂಜಿಯಂಥ ಮುಳ್ಳು. ಹಾದುಹೋಗುವವರ ಬಟ್ಟೆ ಹಿಡಿದೆಳೆದು ನಿಲ್ಲಿಸುತ್ತದೆಂದು ಜನ ಅದನ್ನು ಜಗಳಗಂಟಿ ಎನ್ನುತ್ತಾರೆ. ಗೊಬ್ಬರ ಹಾಕಿ ಮುದ್ದು ಮಾಡಿದರೆ ಸಾಯುತ್ತದೆ. ಬರಡು ಮಣ್ಣೇ ಬೇಕು ಅದಕ್ಕೆ. ನಿಮ್ಮ ಸ್ಮಶಾನದ ಉಚಿತ ವಿಭಾಗದಲ್ಲಿ ಅದು ಸೊಗಸಾಗಿ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಉಚಿತ ವಿಭಾಗದಲ್ಲಿ ಕಲ್ಲು ನೆಡಬಾರದು, ಹೆಸರು ಬರೆಸಬಾರದು ಎನ್ನುವುದು ನಿಮ್ಮ ನಿಯಮ. ಪುಕ್ಕಟೆ ಸತ್ತವರಿಗೆ ಹೆಸರು ಯಾಕೆ, ಅಲ್ಲವೇ? ತಮ್ಮನನ್ನು ಹೂಳಿದ ಕೆಲವೇ ದಿನಕ್ಕೆ ಅಮ್ಮ ಹೋಗಿ ನೋಡಿದರೆ ಅವನ ಮೇಲೆ ಇಬ್ಬರು ಕೂತು ಸಿಗರೇಟು ಸೇದುತ್ತಿದ್ದರು. ಅವರನ್ನು ಬೈಯುವಂತೆಯೂ ಇರಲಿಲ್ಲ. ಕೆಳಗೆ ಒಬ್ಬ ಮನುಷ್ಯನಿದ್ದಾನೆಂದು ಹೇಳುವಂಥದ್ದು ಅಲ್ಲಿ ಏನಿತ್ತು? ಅಮ್ಮ ಮರುದಿನವೇ ಬಯಲಿಗೆ ಹೋಗಿ ಜಗಳಗಂಟಿಯ ಒಣಕಾಯಿ ಆರಿಸಿಕೊಂಡು ಬಂದಳು.

"ಒಂದು ಒಳ್ಳೇ ಹೂವಿನ ಗಿಡ ಹಾಕಬಾರದಾಮ್ಮ?" ಎಂದು ಕೇಳಿದೆ.

"ಒಳ್ಳೇದು ಹಾಕಿದ್ರೆ ಕಿತ್ಕೊಂಡು ಹೋಗ್ತಾರೆ. ಇದಿದ್ರೆ ಯಾವನೂ ನನ್ನ ಮಗನ ಮೇಲೆ ಕುಂಡಿ ಊರಲ್ಲ," ಅಂದಳು.

ಅಮ್ಮನ ಮಾತು ಒರಟು, ಕ್ಷಮಿಸಬೇಕು. ತಿದ್ದಿ ಬರೆದರೆ ಅದು ಅಮ್ಮನದಾಗುವುದಿಲ್ಲ.

ಗಿಡ ಹುಟ್ಟಿತು, ಹರಡಿತು, ಅವನ ತಲೆಯಿಂದ ಕಾಲಿನವರೆಗೂ ಹೊದಿಕೆ ಹೊದ್ದಿಸಿತು. ನಾಯಿ ಕೂಡ ಅಲ್ಲಿ ಕಾಲೆತ್ತುತ್ತಿರಲಿಲ್ಲ. ನಿಮ್ಮ ಕಾವಲುಗಾರ ಸಂಬಳ ತೆಗೆದುಕೊಂಡು ಮಾಡದ ಕೆಲಸವನ್ನು ಅದು ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ಮಾಡಿತು. ಹೂ ಬಿಟ್ಟಾಗ ಅಮ್ಮ ಅದರ ಪಕ್ಕ ಕೂತು ಮನೆಯ ಸುದ್ದಿಯನ್ನೆಲ್ಲ ಹೇಳಿ ಬರುತ್ತಿದ್ದಳು. ನನ್ನ ಮೇಲಿನ ದೂರುಗಳೇ ಹೆಚ್ಚು.

ಯಾಕೆ ಕಿತ್ತಿರಿ ಎಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. "ಸಾರ್ವಜನಿಕರಿಗೆ ಚುಚ್ಚುತ್ತೆ ಅಂತ ದೂರು ಬಂದಿತ್ತು ಮೇಡಂ," ಎಂದರು ಗುಮಾಸ್ತರು. ಚುಚ್ಚಲೆಂದೇ ನೆಟ್ಟದ್ದು ಸ್ವಾಮಿ ಅದು! ಈಗ ಆ ಜಾಗದಲ್ಲಿ ಹಾಸುಗಲ್ಲಿನ ದಾರಿ, ದಾರಿಯ ಬದಿಗೆ ನರ್ಸರಿಯಿಂದ ತಂದ ಹೊರದೇಶದ ಗಿಡಗಳ ಸಾಲು. ಮುಳ್ಳಿಲ್ಲ, ವಾಸನೆಯಿಲ್ಲ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಇದೆಲ್ಲದಕ್ಕೂ ಕಿರೀಟವಿಟ್ಟಂತೆ ಒಂದು ಫಲಕ: ಅದರಲ್ಲಿ ಜಗಳಗಂಟಿಯ ಬಣ್ಣದ ಚಿತ್ರ, ಕೆಳಗೆ "ನಮ್ಮ ನೆಲದ ಹೆಮ್ಮೆ, ಇಂದು ಅಪರೂಪ" ಎಂಬ ಬರಹ. ಅಪರೂಪ ಯಾಕಾಯಿತು ಎಂದು ಬರೆಸಲು ಫಲಕದಲ್ಲಿ ಜಾಗ ಸಾಲಲಿಲ್ಲವೇನೋ.

ಅಮ್ಮನನ್ನು ಕರೆದುಕೊಂಡು ಹೋದ ದಿನ ಅದೇ ಗುಮಾಸ್ತರು ನಕ್ಷೆ ಹಿಡಿದು ಜೊತೆಗೆ ಬಂದಿದ್ದರು. ಅಮ್ಮ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿ, "ಇದರಲ್ಲಿ ನನ್ನ ಮಗ ಎಲ್ಲಿದ್ದಾನಪ್ಪಾ?" ಅಂದಳು.

"ನಕ್ಷೆಯಲ್ಲಿ ಈ ಭಾಗ ಖಾಲಿ ಅಂತಿದೆ."

"ಖಾಲಿ ಅಂದ್ರೆ? ನಾನೇ ಮಣ್ಣು ಹಾಕಿದೀನಲ್ಲಪ್ಪಾ."

"ಎಲ್ಲಾ ಒಂದೇ ಮಣ್ಣಲ್ವಾ ಅಮ್ಮಾ. ಯಾವುದಾದ್ರೂ ಒಂದು ಗಿಡದ ಹತ್ರ ಕೂತು ಅತ್ತುಬಿಡಿ."

"ನಾನು ಕಳ್ಕೊಂಡಿದ್ದು ಒಬ್ಬನ್ನ ಕಣಪ್ಪಾ," ಅಂದಳು ಅಮ್ಮ. "ಸಾಲುಗಟ್ಟಲೆ ಅಲ್ಲ."

ಅಂದಿನಿಂದ ಅವಳು ಗೇಟು ದಾಟುವುದಿಲ್ಲ. ಕಾಲಿಟ್ಟಲ್ಲಿ ಮಗನಿದ್ದರೆ ಎಂಬ ಭಯ. ದಯವಿಟ್ಟು ಆ ಗುಮಾಸ್ತರನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳಬೇಡಿ. ಅವರು ಕ್ರೂರಿಯಲ್ಲ; ನಿಮ್ಮ ಕಚೇರಿಯಲ್ಲಿ ಕಲಿತದ್ದನ್ನು ಚೆನ್ನಾಗಿ ಒಪ್ಪಿಸಿದರು, ಅಷ್ಟೇ.

ದಾರಿಯ ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ನೀವು ಕತ್ತರಿ ಹಿಡಿದು ನಗುತ್ತ ನಿಂತಿದ್ದೀರಿ. ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಅಭಿಮಾನದಿಂದ ಎಂದು ತಿಳಿಯಬೇಡಿ. ನಿಮ್ಮ ಬೂಟಿನ ಕೆಳಗೆ ಬೆರಳಿಟ್ಟು, "ಇಲ್ಲಿರಬಹುದೇನೇ?" ಎಂದು ನನ್ನನ್ನು ಕೇಳುತ್ತಾಳೆ. ನಾನು ಏನು ಹೇಳಲಿ? ಒಂದು ದಿನ ಹೌದು ಎನ್ನುತ್ತೇನೆ, ಒಂದು ದಿನ ಇಲ್ಲ ಎನ್ನುತ್ತೇನೆ. ಹೌದು ಎಂದ ದಿನ ಅವಳು ಊಟ ಮಾಡುವುದಿಲ್ಲ.

ಈಗ ಅವಸರದ ಮಾತಿಗೆ ಬರುತ್ತೇನೆ. ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ. ಆಪರೇಷನ್ ಬೇಡ, ಅವರು ಕೇಳಿದ್ದನ್ನು ಮಾಡಿಕೊಡಿ ಎಂದು ಡಾಕ್ಟರು ಹೇಳಿದ್ದಾರೆ. ಇದರ ಅರ್ಥ ನಿಮಗೂ ಆಗುತ್ತದೆ. ಅವಳು ಕೇಳುತ್ತಿರುವುದು ಒಂದೇ: ಮಗನ ಪಕ್ಕದಲ್ಲಿ ಮಲಗಬೇಕು. ಪಕ್ಕ ಎಂದರೆ ಯಾವುದರ ಪಕ್ಕ, ಮಾನ್ಯರೇ? ಫಲಕದ ಪಕ್ಕವೇ?

ಅವನಿರುವ ಜಾಗ ಹುಡುಕಲು ಸಾಧ್ಯವಿಲ್ಲ ಎಂಬ ಉತ್ತರವನ್ನು ನಿಮ್ಮವರು ಈಗಾಗಲೇ ಕೊಟ್ಟಿದ್ದಾರೆ. ಸಾಧ್ಯವಿದೆ. ನನ್ನ ತಮ್ಮ ನಿಮ್ಮದೇ ಉದ್ಯಾನಗಳಲ್ಲಿ ಮರ ಹತ್ತಿ ಕೊಂಬೆ ಕಡಿಯುತ್ತಿದ್ದವನು. ಕಟ್ಟಿಕೊಳ್ಳಲು ಹಗ್ಗ ಕೇಳಿದರೆ ಬರುತ್ತದೆ, ಬರುತ್ತದೆ ಎನ್ನುತ್ತಿದ್ದಿರಿ. ಮೊದಲನೆಯ ಸಲ ಬಿದ್ದಾಗ ಎಡಗಾಲು ಮುರಿಯಿತು. ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ಎರಡನೆಯ ಸಲ ಬಿದ್ದಾಗ ಕುತ್ತಿಗೆ ಮುರಿಯಿತು. ಆ ಪಟ್ಟಿ ಈಗಲೂ ಅವನ ಕಾಲಿನಲ್ಲಿದೆ. ನೆಲದೊಳಗಿನ ನೀರಿನ ಪೈಪು ಹುಡುಕುವ ಯಂತ್ರ ನಿಮ್ಮ ಕಚೇರಿಯಲ್ಲಿದೆ. ಕೆಳಗೆ ಲೋಹವಿದ್ದರೆ ಅದು ಕೂಗುವುದನ್ನು ನಾನೇ ಕಂಡಿದ್ದೇನೆ. ಆರಡಿ ಆಳದ ಲೋಹ ಅದಕ್ಕೆ ತಿಳಿಯುವುದಿಲ್ಲ ಎಂದು ನಿಮ್ಮ ಎಂಜಿನಿಯರು ಹೇಳಬಹುದು. ಆ ಚಿಂತೆ ಬೇಡ. ಬಂಡೆ ಸಿಕ್ಕಿತೆಂದು ನಿಮ್ಮ ಆಳುಗಳು ಎರಡೂವರೆ ಅಡಿಗೇ ಗುಂಡಿ ನಿಲ್ಲಿಸಿದ್ದರು. ಅಂದು ಅವರೊಂದಿಗೆ ದೊಡ್ಡ ಜಗಳ ಮಾಡಿದ್ದೆ. ಇಂದು ನಿಮ್ಮ ಇಲಾಖೆಯ ಆ ಸೋಮಾರಿತನಕ್ಕೆ ನಾನು ಋಣಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಯಂತ್ರ ತನ್ನಿ. ಅದನ್ನು ಆಳುಗಳ ಕೈಗೆ ಕೊಡಕೂಡದು. ದಾರಿಯ ಉದ್ದಕ್ಕೂ ನೀವೇ ಹಿಡಿದು ನಡೆಯಬೇಕು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾನು ಬರುತ್ತೇನೆ, ಅದು ಕೂಗುವುದನ್ನು ಅವಳು ಕೇಳಬೇಕು. ಕೂಗಿದ ಕಡೆ ಹಾಸುಗಲ್ಲು ತೆಗೆಸಿ, ಪಕ್ಕದಲ್ಲಿ ಅವಳಿಗೆ ಜಾಗ ಬಿಡಿ. ಜಗಳಗಂಟಿಯ ಬೀಜವನ್ನು ಅವಳು ಆಗಲೇ ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ, ಇಬ್ಬರಿಗೂ ಸಾಲುವಷ್ಟು. ಆ ಗಿಡಕ್ಕೆ ಇನ್ನು ಯಾರೂ ಕೈ ಹಚ್ಚಕೂಡದು. ಮತ್ತು ಬೇಗ ಬನ್ನಿ. ಅಮ್ಮನ ಮೈಯಲ್ಲಿ ಎಲ್ಲೂ ಉಕ್ಕಿಲ್ಲ. ಅವಳನ್ನೂ ಕಳೆದುಹಾಕಿದರೆ ನಾನು ಯಾವ ಯಂತ್ರ ತಂದು ಹುಡುಕಲಿ?

ಇಂತಿ,
ಅಮ್ಮನ ಇಬ್ಬರು ಮಕ್ಕಳಲ್ಲಿ, ಎಲ್ಲಿದ್ದಾಳೆಂದು ಅಮ್ಮನಿಗೆ ಗೊತ್ತಿರುವ ಒಬ್ಬಳು